ನಾನು ಓದಿ ಹೇಳಿದ ಪತ್ರ

"ಬಿಸಿಲಿಗೂ ಕಾಯ್ದೆ ಮಾಡ್ತೀರೇನ್ರೀ?" ಎಂದು ವಿಧಾನಸೌಧದಲ್ಲಿ ಯಾರೋ ನಮ್ಮ ಮಾವನವರನ್ನು ಕೇಳಿ ನಕ್ಕರಂತೆ. ಮಾವನವರು ಮನೆಗೆ ಬಂದು ಅದನ್ನು ತಾವೇ ಹೇಳಿ ತಾವೇ ನಕ್ಕರು. ನನಗೆ ನಗು ಬರಲಿಲ್ಲ, ಮೈ ಉರಿಯಿತು. ಬೆಂಗಳೂರಿನ ತಂಪಿನಲ್ಲಿ ಕೂತವರಿಗೆ ನಮ್ಮ ಬಿಸಿಲು ಏನು ಗೊತ್ತು? ಜೇವರ್ಗಿ ಬಸ್ ಸ್ಟ್ಯಾಂಡಿನಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ತಾಸು ನಿಲ್ಲಿಸಿದ್ದರೆ ನಗುವೆಲ್ಲ ಇಳಿಯುತ್ತಿತ್ತು. ಹೀಗೆ ಬೈಯುವುದರಲ್ಲಿ ನಾನು ಯಾವಾಗಲೂ ಮುಂದು. ಬಾಯಿ ಜೋರು, ಎದೆ ಪುಕ್ಕಲು. ನನ್ನನ್ನು ಬಲ್ಲವರಿಗೆ ಎರಡೂ ಗೊತ್ತು. ಈಗ ಬರೆಯಹೊರಟಿದ್ದು ಆ ಎರಡನೆಯದರ ಕಥೆ.

ಮಾವನವರು ಎಂದರೆ ನನ್ನ ಗಂಡನ ತಂದೆ, ಆಗ ನಮ್ಮ ಭಾಗದ ಶಾಸಕರು. ಯಾವ ಕ್ಷೇತ್ರ, ಯಾವ ಪಕ್ಷ ಎಂದು ಹೇಳುವುದಿಲ್ಲ. ಹೇಳಿದರೆ ತೀರಿಹೋದವರ ಹೆಸರು ಮತ್ತೆ ಕಟ್ಟೆಯ ಮಾತಾಗುತ್ತದೆ. ಎಂಬತ್ತರ ದಶಕ ಎಂದಷ್ಟು ಸಾಕು. ನನ್ನ ತವರು ಆಳಂದದ ಕಡೆ, ಕೊಟ್ಟದ್ದು ಅಫಜಲಪುರಕ್ಕೆ. ಗಂಡ ಗುಲಬರ್ಗಾದಲ್ಲಿ ನೌಕರಿಯಲ್ಲಿದ್ದರು. ಶನಿವಾರ ಬಂದು ಸೋಮವಾರ ಹೋಗುವವರು. ನಾನು ಪಿಯುಸಿ ಪಾಸಾಗಿದ್ದೆ, ಅಕ್ಷರ ಚೆನ್ನಾಗಿದ್ದವು. ಲಗ್ನವಾಗಿ ಮೂರು ತಿಂಗಳು ತುಂಬುವುದರೊಳಗೆ ಮಾವನವರ ಪತ್ರ ವ್ಯವಹಾರವೆಲ್ಲ ನನ್ನ ಕೈಗೆ ಬಂತು.

ಯಾಕೆಂದರೆ ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಗಬೇಡಿ. ಅವರು ಕಲಿತದ್ದು ನಿಜಾಮರ ಕಾಲದ ಶಾಲೆಯಲ್ಲಿ, ಉರ್ದುವಿನಲ್ಲಿ. ಅವರ ವಯಸ್ಸಿನ ಅಂಥವರು ನಮ್ಮ ಕಡೆ ಓಣಿಗೆ ನಾಲ್ಕು ಜನ ಇದ್ದರು. ಮಾತಿಗೆ ನಿಂತರೆ ಕನ್ನಡ ಸರಾಗ. ಬಸವಣ್ಣನವರ ವಚನ ಹೇಳಲು ಶುರು ಮಾಡಿದರೆ ಅರ್ಧ ತಾಸು ನಿಲ್ಲುತ್ತಿರಲಿಲ್ಲ. ಕಾಗದದ ಮೇಲೆ ಮಾತ್ರ ಅಕ್ಷರ ಕೂಡಿಸಲು ಆಗುತ್ತಿರಲಿಲ್ಲ. ಶಾಸಕರಾದ ಮೇಲೂ ಸಹಿ ಉರ್ದುವಿನಲ್ಲೇ, ಬಲದಿಂದ ಎಡಕ್ಕೆ.

ಅದಕ್ಕೇ ಒಂದು ರೀತಿ ಮಾಡಿಕೊಂಡಿದ್ದರು. ಬೆಳಿಗ್ಗೆ ಪಡಸಾಲೆಯಲ್ಲಿ ಮಂದಿ ಸೇರುತ್ತಿತ್ತು. ಒಬ್ಬೊಬ್ಬರೇ ತಮ್ಮ ತೊಂದರೆ ಹೇಳುವರು. ಒಬ್ಬಳಿಗೆ ವಿಧವಾ ಪಿಂಚಣಿ, ಒಬ್ಬನಿಗೆ ಊರ ಬೋರ್‌ವೆಲ್ಲಿನ ಕೈಪಂಪು, ಇನ್ನೊಬ್ಬನಿಗೆ ಹರಿಜನ ಕೇರಿಯ ಬಾವಿ ಕೆಲಸ. ನಾನು ಒಳಬಾಗಿಲ ಪಕ್ಕ ಚಾಪೆಯ ಮೇಲೆ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು, ಅವರ ಲೆಟರ್‌ಹೆಡ್ಡಿನ ಮೇಲೆ ಬರೆಯುತ್ತಿದ್ದೆ. ಬರೆದದ್ದನ್ನು ಎಲ್ಲರೆದುರು ಗಟ್ಟಿಯಾಗಿ ಓದಬೇಕು. ಓದಿದ ಮೇಲೆ ಅವರು ಕೆಲಸ ಹಿಡಿದು ಬಂದವರ ಕಡೆ ತಿರುಗಿ, "ಬರೋಬ್ಬರಿ ಅದ ಏನಪಾ?" ಎನ್ನುವರು. "ಬರೋಬ್ಬರಿ ಅದರಿ" ಎಂದ ಮೇಲೇ ಸಹಿ. ಬಂದವರು ಎದುರಿಗಿಲ್ಲದ ಪತ್ರಕ್ಕೆ ಅವರು ಸಹಿ ಹಾಕಿದ್ದನ್ನು ನಾನು ಕಂಡಿರಲಿಲ್ಲ. "ನನ್ನ ಕಣ್ಣು ನೀನ ನೋಡವ್ವ" ಎಂದು ನನಗೆ ಎಷ್ಟೋ ಸಲ ಹೇಳಿದ್ದರು. ನಾನು ಉಬ್ಬಿಹೋಗುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ತಹಸೀಲ್ದಾರನಿಗೇ ಪತ್ರ ಬರೆಯುವ ಸೊಸೆ ಓಣಿಯಲ್ಲಿ ಇನ್ನೊಬ್ಬಳಿರಲಿಲ್ಲ.

ಬಿಸಿಲಿನ ವಿಚಾರ ಅವರ ತಲೆಯೊಳಗೆ ಹೊಕ್ಕದ್ದು ಜೀಪಿನ ತಿರುಗಾಟದಲ್ಲಿ. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲ್ಲೂಕಿನ ಹಳ್ಳಿಗಳಿಗೆ ಹೋಗುವರು. ಹೋದಲ್ಲಿ ಮುದುಕರನ್ನು ಕೂಡಿಸಿಕೊಂಡು, ರೋಹಿಣಿ ಮಳೆ ನಿಮ್ಮ ಅಪ್ಪನ ಕಾಲದಲ್ಲಿ ಹೇಗಿತ್ತು, ಈಗ ಹೇಗಿದೆ, ಉತ್ತರಿ ಹೋಯಿತೋ ಬಂತೋ, ಜೋಳ ಬಿತ್ತಲು ಹಸ್ತಾ ಮಳೆಯ ತನಕ ಕಾದದ್ದು ಎಷ್ಟು ವರ್ಷ, ಹೀಗೆ ಕೇಳುತ್ತಲೇ ಇರುವರು. ನಾನು ಸೆರಗು ಹೊದ್ದು ಜೀಪಿನ ಹಿಂದೆ ಕೂತು ಬರೆದುಕೊಳ್ಳುತ್ತಿದ್ದೆ. "ಬಿಸಿಲು ಬೆಳ್ಯಾಕತ್ತದ" ಎಂದು ಅವರು ಹೇಳುವಾಗ ಕೂಸಿನ ವಿಷಯ ಹೇಳಿದಂತೆ ಕೇಳುತ್ತಿತ್ತು. ಹವಾಮಾನ, ವಾತಾವರಣ ಎಂಬ ದೊಡ್ಡ ಮಾತುಗಳನ್ನು ನಮ್ಮ ಕಡೆ ಆಗ ಯಾರೂ ಆಡುತ್ತಿರಲಿಲ್ಲ. ಅವರ ಲೆಕ್ಕ ಸರಳ. ಗಿಡ ಹೋದರೆ ನೆರಳು ಹೋಗುತ್ತದೆ, ಊರ ದನ ಮೇಯುವ ಗಾಯರಾಣ ಹೋದರೆ ಹುಲ್ಲು ಹೋಗುತ್ತದೆ, ಹಳ್ಳದ ದಂಡೆ ಕಿತ್ತರೆ ನೀರು ಹೋಗುತ್ತದೆ, ಆಮೇಲೆ ಮಳೆ ಬಂದರೂ ನಿಲ್ಲಲು ಅದಕ್ಕೆ ಜಾಗವಿರುವುದಿಲ್ಲ.

ಒಮ್ಮೆ ಜೇವರ್ಗಿ ಕಡೆಯ ರಸ್ತೆ ಅಗಲ ಮಾಡಲು ಒಬ್ಬ ಇಂಜಿನಿಯರು ಬೇವಿನ ಗಿಡಕ್ಕೆ ಸುಣ್ಣದ ಗುರುತು ಹಾಕಿಸುತ್ತಿದ್ದ. ಮಾವನವರು ಜೀಪು ನಿಲ್ಲಿಸಿ ಇಳಿದರು. ಜಗಳ ಮಾಡಲಿಲ್ಲ. "ಬರ್ರಿ ಸಾಹೇಬ್ರ, ಇಲ್ಲಿ ಈ ಡಾಂಬರಿನ ಮ್ಯಾಲ ಚಪ್ಲಿ ಬಿಟ್ಟು ನಿಂದ್ರೋಣು" ಎಂದು ತಾವೂ ಬಿಟ್ಟು ನಿಂತರು. ಆ ಮನುಷ್ಯ ಬೂಟು ಬಿಚ್ಚಿ ಹತ್ತು ಎಣಿಸುವುದರೊಳಗೆ ಕುಣಿಯತೊಡಗಿದ. ಗುರುತು ಹಾಕಿದ ಗಿಡಗಳು ಉಳಿದವು. ಮಂದಿ ಅವರನ್ನು ನೆರಳಿನ ಸಾಹೇಬರು ಎಂದು ಕರೆಯಲು ಹತ್ತಿದ್ದು ಅಲ್ಲಿಂದ.

ನಾನು ಮುಂದೆ ಹೇಳುವುದೂ ಅದೇ ರಸ್ತೆಯ, ಅದೇ ಗಿಡಗಳ ಮಾತು. ಅಫಜಲಪುರದಿಂದ ಜೇವರ್ಗಿಯ ಕಡೆಗೆ ಹೋಗುವಾಗ ಎರಡೂ ಬದಿಗೆ ನಿಜಾಮರ ಕಾಲದ ಬೇವು, ಹುಣಸೆ. ಕೂಲಿಗೆ ಹೋಗುವ ಹೆಣ್ಣುಮಕ್ಕಳು ಅವುಗಳ ಕೆಳಗೆ ಬಸ್ಸಿಗೆ ಕಾಯುತ್ತಿದ್ದರು, ಕೂಸುಗಳನ್ನು ಜೋಳಿಗೆ ಕಟ್ಟಿ ಮಲಗಿಸುತ್ತಿದ್ದರು. ಅಂಥ ಗಿಡ, ಗಾಯರಾಣ, ಹಳ್ಳದ ದಂಡೆ, ಇಷ್ಟನ್ನು ನಮ್ಮ ಒಣ ತಾಲ್ಲೂಕುಗಳಲ್ಲಿ ಯಾರೂ ಮುಟ್ಟಬಾರದೆಂದು ಕಾಯ್ದೆ ಆಗಲಿ ಎಂಬುದು ಮಾವನವರ ಠರಾವು, ಅಂದರೆ ನಿರ್ಣಯ. ಸದನದಲ್ಲಿ ಮಂಡಿಸಲು ನಾನೇ ಕೂತು ಬರೆದುಕೊಟ್ಟಿದ್ದೆ. ಏಳು ಸಲ ತಿದ್ದಿಸಿದರು. ಅವರ ಹತ್ತು ವರ್ಷಗಳ ತಿರುಗಾಟವೆಲ್ಲ ಆ ಎರಡು ಹಾಳೆಯಲ್ಲಿತ್ತು.

ಆ ವರ್ಷ ನಾಗರ ಪಂಚಮಿಗೆ ನನ್ನನ್ನು ಕರೆಯಲು ಅಣ್ಣ ಬಂದ. ಅಪ್ಪ ತೀರಿದ ಮೇಲೆ ನನ್ನನ್ನು ಓದಿಸಿದವನು, ಲಗ್ನ ಮಾಡಿಕೊಟ್ಟವನು ಅವನೇ. ಕಟ್ಟಿಗೆ ವ್ಯಾಪಾರ ಮಾಡುತ್ತಿದ್ದ. ಇಟ್ಟಂಗಿ ಭಟ್ಟಿಗಳಿಗೆ, ಬೆಲ್ಲದ ಗಾಣಗಳಿಗೆ ಲಾರಿ ಲಾರಿ ಕಳಿಸುತ್ತಿದ್ದ. ಶೇಂಗಾ ಉಂಡಿಯ ಡಬ್ಬಿ ಕೈಗಿಟ್ಟು, ಅತ್ತೆಯವರು ಅಡುಗೆ ಮನೆಗೆ ಹೋದ ಹೊತ್ತು ನೋಡಿ ಮಾತು ತೆಗೆದ.

"ತಂಗಿ, ಆ ಜೇವರ್ಗಿ ರಸ್ತಾದಾಗ ಒಣಗಿದ ಗಿಡ ಅವ. ನಾಳೆ ಬಸ್ಸಿನ ಮ್ಯಾಲ ಬಿದ್ರ ಯಾರು ಜವಾಬ್ದಾರಿ? ತಗಸ್ರಿ ಅಂತ ನಿಮ್ಮ ಮಾವಾರದು ಒಂದು ಪತ್ರ ಬೇಕಾಗಿತ್ತು."

"ನೀನ ಕೇಳಲ್ಲ ಅವರಿಗೆ. ಹೊರಗ ಕುಂತಾರಲ್ಲ."

"ನಾ ಕೇಳಿದ್ರ ಒಂದು, ಎರಡು, ಮೂರು ಅಂತ ಗಿಡಾ ಎಣಿಸಿ ಕೊಡ್ತಾರವ್ವ!" ಎಂದು ನಕ್ಕ. "ನೀ ಎಷ್ಟು ಅಂತ ಬರೀಬ್ಯಾಡ. ಒಣಗಿದ್ದು, ಅಪಾಯದ್ದು ಅಂತ ಬರಿ. ಎಷ್ಟು ಅಂತ ಸಾಹೇಬ್ರು ಬಂದು ನೋಡ್ಕೋತಾರ."

ಎಣಿಕೆ ಯಾಕೆ ಬೇಡ ಎಂಬುದು ನನಗೆ ತಿಳಿಯಲಿಲ್ಲವೇ? ತಿಳಿಯಿತು. ಚೆನ್ನಾಗಿ ತಿಳಿಯಿತು. ಆ ರಸ್ತೆಯಲ್ಲಿ ಒಣಗಿದ್ದು ಎರಡೋ ಮೂರೋ, ಜೀಪಿನಲ್ಲಿ ಕೂತು ನಾನೇ ನೋಡಿದ್ದೆ. ಆದರೆ ಅಣ್ಣ ಅಲ್ಲಿಯ ತನಕ ನನ್ನಿಂದ ಏನನ್ನೂ ಕೇಳಿದವನಲ್ಲ. ಇಲ್ಲ ಎಂದರೆ ಮುಂದಿನ ಪಂಚಮಿಗೆ ಈ ಬಾಗಿಲಿಗೆ ಬರುತ್ತಾನೋ ಇಲ್ಲವೋ ಎಂದು ಹೆದರಿದೆ. ಪಂಚಮಿಗೆ ಅಣ್ಣ ಬರದ ಹೆಣ್ಣನ್ನು ನಮ್ಮಲ್ಲಿ ಹೇಗೆ ನೋಡುತ್ತಾರೆಂದು ಹೆಣ್ಣುಮಕ್ಕಳನ್ನೇ ಕೇಳಬೇಕು. ಬರೆದುಬಿಟ್ಟೆ.

ಮಾವನವರು ಮರುದಿನ ಅಧಿವೇಶನಕ್ಕೆ ಹೊರಟಿದ್ದರು. ಜೀಪು ಬಾಗಿಲಲ್ಲಿ ಗುರುಗುಡುತ್ತಿತ್ತು. ಸಹಿ ಆಗಬೇಕಾದ ಪತ್ರಗಳ ಕಟ್ಟು ಹಿಡಿದು ನಿಂತು, ಕೆಲಸಕ್ಕೆ ಬಂದವರೆದುರು ಒಂದೊಂದೇ ಓದಿದೆ. ನಡುವೆ ಅದು ಬಂತು. ಓದಲಿಲ್ಲ. "ಇದು ರಸ್ತಾ ರಿಪೇರಿದು, ಮಾವಾರ" ಎಂದೆ.

"ತಂದಾಂವ ಎಲ್ಲಿ ಹಾನ?"

"ಬಸ್ಸಿಗಿ ಹೊತ್ತಾತಂತ ಹೋದ್ರಿ."

ನನ್ನ ಮುಖ ನೋಡಿದರು. ಆಮೇಲೆ ಸಹಿ ಹಾಕಿದರು. ನಾನು ಅದನ್ನು ಕಟ್ಟಿನ ತಳಕ್ಕೆ ಸರಿಸಿ ಮುಂದಿನದನ್ನು ಓದಿದೆ.

ಸರ್ಕಾರಿ ಕೆಲಸ ನಿಮಗೆ ಗೊತ್ತೇ ಇದೆ. ದಸರಾ ಹೋಯಿತು, ದೀಪಾವಳಿ ಹೋಯಿತು, ಏನೂ ಆಗಲಿಲ್ಲ. ಆ ಕಾಗದ ಯಾವುದೋ ಕಪಾಟಿನಲ್ಲಿ ಗೆದ್ದಲಿಗೆ ಹೋಯಿತೆಂದು ನಾನು ಸಮಾಧಾನ ಮಾಡಿಕೊಂಡೆ. ಶಿವರಾತ್ರಿ ಮುಗಿದು ಬಿಸಿಲು ಏರತೊಡಗಿತು. ಮಾವನವರು ಬಜೆಟ್ ಅಧಿವೇಶನಕ್ಕೆ ಬೆಂಗಳೂರಿಗೆ ಹೋಗಿದ್ದರು. ಅವರ ಠರಾವು ಈ ಸಲ ಪಟ್ಟಿಯಲ್ಲಿ ಬಂದಿತ್ತು, ಇನ್ನು ಎಂಟು ದಿನಕ್ಕೆ ಚರ್ಚೆ. ಆಗ ಒಂದು ಬೆಳಿಗ್ಗೆ ಮೊಸರು ಮಾರುವ ಹೆಂಗಸು ಬುಟ್ಟಿ ಇಳಿಸುತ್ತ, "ನಮ್ಮೂರ ರಸ್ತಾದಾಗಿನ ಗಿಡಾ ಎಲ್ಲಾ ಕಡ್ಯಾಕತ್ತಾರ್ರೀ ಅವ್ವಾರ, ಒಂದೂ ಬಿಡವಲ್ರು" ಎಂದಳು. "ನಿಮ್ಮ ಸಾಹೇಬ್ರ ಹುಕುಂ ಅದ ಅಂತಾರ. ಖರೇ ಏನ್ರೀ?"

"ಹುಚ್ಚಿ, ಅವರು ಯಾಕ ಕಡಸ್ತಾರ?" ಎಂದು ಅವಳನ್ನೇ ಗದರಿದೆ. ಬಾಯಿ ಜೋರು ಎಂದೆನಲ್ಲ.

ಬಳೆ ತರುವ ನೆವ ಹೇಳಿ ಜೇವರ್ಗಿ ಬಸ್ಸು ಹತ್ತಿದೆ. ಊರು ದಾಟಿ ಹಳ್ಳದ ಸೇತುವೆ ಬರುವ ತನಕ ಎಲ್ಲ ಇದ್ದ ಹಾಗೇ ಇತ್ತು. ಆಮೇಲೆ ಬಸ್ಸಿನೊಳಗೆ ಒಮ್ಮೆಲೇ ಬೆಳಕು ತುಂಬಿತು. ಎರಡೂ ಕಡೆಯಿಂದ ಬಿಸಿಲು ನುಗ್ಗಿ ಮಂದಿ ಕಣ್ಣು ಮುಚ್ಚಿಕೊಂಡರು, ಕೂಸೊಂದು ಅಳತೊಡಗಿತು. ಕಿಟಕಿಯ ಆಚೆ ಬರೀ ಬೊಡ್ಡೆಗಳು, ಹಸಿ ಬೊಡ್ಡೆಗಳು. ಒಣಗಿದ್ದು ಯಾವುದಿತ್ತು ಎಂದು ಹುಡುಕಿದೆ, ಒಂದೂ ಕಾಣಲಿಲ್ಲ. ಕೂಲಿಯ ಹೆಂಗಸರು ಸೀರೆಯ ಸೆರಗನ್ನೇ ಇಬ್ಬರು ಮೂವರು ಸೇರಿ ಹಿಡಿದು ಅದರ ಕೆಳಗೆ ಕೂಸುಗಳನ್ನು ಕೂಡಿಸಿಕೊಂಡಿದ್ದರು. ಕಂಡಕ್ಟರ್ ಯಾರಿಗೋ ಹೇಳುತ್ತಿದ್ದ: "ನೆರಳಿನ ಸಾಹೇಬ್ರ ಅಂತ್ರಿ. ಅವರದ ಪತ್ರ ಅಂತ." ಬಸ್ಸಿನಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎನಿಸಿತು. ಯಾರೂ ನೋಡುತ್ತಿರಲಿಲ್ಲ, ನಾನು ಯಾರೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಸೆರಗನ್ನು ಮೂಗಿನ ತನಕ ಎಳೆದುಕೊಂಡೆ. ಬಳೆ ತಂದೆನೋ ಇಲ್ಲವೋ ಈಗ ನೆನಪಿಲ್ಲ.

ಯಾರೋ ಊರವರು ಬೆಂಗಳೂರಿಗೆ ಟ್ರಂಕ್ ಕಾಲ್ ಮಾಡಿ ಮಾವನವರಿಗೆ ಸುದ್ದಿ ಮುಟ್ಟಿಸಿದ್ದರು. ಆಮೇಲೆ ಆದದ್ದನ್ನು ನಾನು ಪೇಪರಿನಲ್ಲಿ ಓದಿದೆ. ನಮ್ಮೂರಿಗೆ ಪೇಪರು ಮಧ್ಯಾಹ್ನದ ಬಸ್ಸಿಗೆ ಬರುತ್ತಿತ್ತು. ಮಾವನವರು ಸದನದಲ್ಲಿ ಎದ್ದು ನಿಂತು, ಯಾರ ಹುಕುಂ ಮೇಲೆ ಈ ಗಿಡ ಕಡಿದಿರಿ ಎಂದು ಕೂಗಾಡಿದರಂತೆ. ಮಂತ್ರಿಗಳು ಕಡತ ತೆರೆದು ಒಂದು ಪತ್ರ ಎತ್ತಿ ಹಿಡಿದರಂತೆ. ಮಾನ್ಯ ಸದಸ್ಯರ ಶಿಫಾರಸು, ಮಾನ್ಯ ಸದಸ್ಯರದೇ ಸಹಿ. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಯಾರೋ ಕೂಗಿದರು, ಸದನ ನಕ್ಕಿತು, ಮಾವನವರು ಕೂತರು. ಅಷ್ಟೇ ಸುದ್ದಿ. ಕೊನೆಗೆ ಒಂದು ಸಾಲು ಇತ್ತು: ಇದೇ ಸದಸ್ಯರ ಗಿಡ ರಕ್ಷಣೆಯ ನಿರ್ಣಯ ಮುಂದಿನ ವಾರ ಚರ್ಚೆಗೆ ಬರಲಿದೆ. ಪೇಪರು ಮಡಚಿ ಜೋಳದ ಚೀಲಗಳ ಹಿಂದೆ ತುರುಕಿದೆ. ಊರಿಗೆಲ್ಲ ಬಂದ ಪೇಪರನ್ನು ನಮ್ಮ ಮನೆಯಲ್ಲಿ ಬಚ್ಚಿಟ್ಟೆ, ನನ್ನ ಬುದ್ಧಿಗಿಷ್ಟು!

ಅವರು ಬರುತ್ತಾರೆಂದು ಫೋನು ಬಂತು. ಮೂರು ದಿನ. ಆ ಮೂರು ದಿನ ನಾನು ಉಂಡದ್ದು ಮೈಗೆ ಹತ್ತಲಿಲ್ಲ. ಓಣಿಯಲ್ಲಿ ಯಾವ ಜೀಪಿನ ಸದ್ದು ಕೇಳಿದರೂ ಹಿತ್ತಲಿಗೆ ಓಡುತ್ತಿದ್ದೆ. ಅತ್ತೆಯವರಿಗೆ ಏನೂ ಗೊತ್ತಿಲ್ಲ ಪಾಪ. "ಯಾಕ ಹಿಂಗ ಮಾರಿ ಬಾಡೇದ? ಏನರೆ ವಿಶೇಷ ಅದ ಏನು?" ಎಂದು ಬಸಿರಿನ ಆಸೆಯಿಂದ ಕೇಳುತ್ತಿದ್ದರು. ಗಂಡನಿಗೆ ಹೇಳೋಣವೆಂದರೆ ಶನಿವಾರ ಇನ್ನೂ ದೂರ. ಹೇಳಿದರೆ ಆ ಗಳಿಗೆಗೇ ಆಳಂದದ ಬಸ್ಸು ಹತ್ತಿಸಿ ತವರಿಗೆ ಕಳಿಸಿಯಾರೆಂಬ ಹೆದರಿಕೆ ಬೇರೆ. ಉಗುಳಲೂ ಆಗದ, ನುಂಗಲೂ ಆಗದ ಬಿಸಿ ತುಪ್ಪ.

ನಡುವೆ ಅಣ್ಣ ಬಂದು ಹೋದ. ಅವನನ್ನು ಕಂಡ ಕೂಡಲೇ ಹರಿದು ತಿನ್ನುವಷ್ಟು ಸಿಟ್ಟು ಬಂತು. "ಒಣಗಿದ್ದು ಅಂದಿದ್ದಿ! ಹಸೀ ಗಿಡ ಕಡದೀಯಲ್ಲ! ನಿನ್ನ ಕೈಗಿ ಏನು ಬಂದಿತ್ತು?" ಎಂದೆ. ಅವನ ದನಿ ಏರಲಿಲ್ಲ.

"ಯಾಕ ಹೆದರ್ತಿ? ಅವರಿಗಿ ಕನ್ನಡ ಓದಾಕ ಬರಂಗಿಲ್ಲ. ಆ ಪತ್ರ ಅವರ ಕೈಗಿ ಬಂದ್ರೂ ಓದಾಕಿ ಯಾರು? ನೀ. ನೀ ಏನು ಓದ್ತಿ ಅದ ಪತ್ರ."

ಅವನು ಹೋದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಅದು ನನಗೆ ಧೈರ್ಯ ಕೊಟ್ಟಿತು.

ಮಾವನವರು ಬಂದದ್ದು ಗುರುವಾರ ಬೆಳಿಗ್ಗೆ, ಪಡಸಾಲೆಯಲ್ಲಿ ಮಂದಿ ತುಂಬಿದ್ದ ಹೊತ್ತಿನಲ್ಲಿ. ಬೇರೆ ದಿನ ಇರುವ ಮಂದಿಯಲ್ಲ ಅದು. ಆ ರಸ್ತೆಯ ಊರುಗಳಿಂದ ಗಂಡಸರು, ಕೂಲಿಯ ಹೆಂಗಸರು ಬಂದಿದ್ದರು. ಯಾರೂ ನಮಸ್ಕಾರ ಮಾಡಲಿಲ್ಲ. ಮಾವನವರು ಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ತಮ್ಮ ಜಾಗದಲ್ಲಿ ಕೂತರು. ಒಳ ಕಿಸೆಯಿಂದ ನಾಲ್ಕು ಮಡಿಕೆಯ ಜೆರಾಕ್ಸ್ ಕಾಗದ ತೆಗೆದು ನನ್ನ ಕಡೆ ಚಾಚಿದರು.

"ಓದವ್ವ. ಎಲ್ಲಾರೂ ಕೇಳ್ಲಿ."

ನನ್ನದೇ ಅಕ್ಷರ. ಕೆಳಗೆ ಅವರ ಉರ್ದು ಸಹಿ. ಹಾಳೆಯನ್ನು ಹಲಗೆಗೆ ಒತ್ತಿ ಹಿಡಿದೆ. ಅಲ್ಲಿ ಬರೆದಿದ್ದದ್ದು ಇಷ್ಟು: ಸದರಿ ರಸ್ತೆಯ ಎರಡೂ ಬದಿಯ ಒಣಗಿದ ಹಾಗೂ ಅಪಾಯಕಾರಿ ಗಿಡಗಳನ್ನು ಕೂಡಲೇ ತೆಗೆಸಬೇಕು. ನಾನು ಓದಿದ್ದು ಬೇರೆ. ಹಳ್ಳದ ಸೇತುವೆಯ ಹತ್ತಿರ ಇರುವ ಎರಡು ಒಣಗಿದ ಗಿಡ ಮಾತ್ರ ತೆಗೆಸಬೇಕು, ಉಳಿದ ಹಸಿರು ಗಿಡಗಳಿಗೆ ಯಾವ ಧಕ್ಕೆಯೂ ಆಗಬಾರದು ಎಂದು ಓದಿದೆ. ತಡವರಿಸದೆ, ನಿತ್ಯದ ದನಿಯಲ್ಲೇ ಓದಿದೆ.

ಮಂದಿ ಒಮ್ಮೆಲೇ ಎದ್ದುಬಿಟ್ಟಿತು. "ನೋಡ್ರೆಪಾ! ನಾ ಹೇಳ್ಲಿಲ್ಲ?" ಎಂದು ಒಬ್ಬ ಮುದುಕ ತೊಡೆ ತಟ್ಟಿದ. "ಸಾಹೇಬ್ರು ಅಂಥವರಲ್ಲ ಅಂತ. ಎಲ್ಲಾ ಆಫೀಸಿನವರ ಮೋಸ! ಆ ಗುಮಾಸ್ತನ್ನ ಎಳಕೊಂಡು ಬರೋಣ ನಡ್ರಿ!" ಹೆಂಗಸೊಬ್ಬಳು ಮಾವನವರ ಕಾಲಿಗೆ ಬಿದ್ದು, ತಪ್ಪು ತಿಳಿದೆವೆಂದು ಅತ್ತಳು. ಪಾರಾದೆ ಎಂದುಕೊಂಡೆ.

ಮಾವನವರು ಕೈಯೆತ್ತಿ ಎಲ್ಲರನ್ನೂ ಕೂಡಿಸಿದರು. "ಇನ್ನೊಮ್ಮೆ ಓದವ್ವ" ಎಂದರು.

ಕಾಗದದಲ್ಲಿ ಇಲ್ಲದ್ದನ್ನು ಒಮ್ಮೆ ಓದಬಹುದು. ಎರಡನೇ ಸಲ ಅದೇ ಮಾತು ಎಲ್ಲಿಂದ ತರುವುದು? ಸೇತುವೆಯ ಹತ್ತಿರದ ಮೂರು ಗಿಡ ಎಂದೆನೋ, ಬಸ್ ಸ್ಟಾಪಿನ ಹತ್ತಿರ ಎಂದೆನೋ. ಧಕ್ಕೆ ಎಂಬ ಮಾತು ಬರಲೇ ಇಲ್ಲ, ಕಾಪಾಡಬೇಕು ಎಂದೇನೋ ಅಂದೆ. ಮಂದಿಗೆ ಗೊತ್ತಾಗಲಿಲ್ಲ. ಮಾವನವರ ಕಣ್ಣು ನನ್ನ ಮೇಲಿತ್ತು. ವಚನಗಳನ್ನು ಕಿವಿಯಿಂದಲೇ ಕಲಿತ ಮನುಷ್ಯ ಅವರು, ಒಂದು ಮಾತು ಅತ್ತಿತ್ತ ಆದರೆ ಅವರಿಗೆ ತಿಳಿಯದೇ?

"ಸಾಕು" ಎಂದು ಕಾಗದ ತೆಗೆದುಕೊಂಡರು. ಮಂದಿಯ ಕಡೆ ತಿರುಗಿದರು. "ಯಾವ ಗುಮಾಸ್ತನ ಮ್ಯಾಲೂ ಹೋಗಬ್ಯಾಡ್ರಿ. ಪತ್ರ ನಂದು. ದಸ್ತಖತ್ ನಂದು. ಎಣಿಕಿ ಹಾಕಿರಲಿಲ್ಲ, ಅದೂ ನನ್ನ ತಪ್ಪು. ನಿಮ್ಮ ನೆರಳು ಹೋಗಿದ್ದು ನನ್ನ ಕೈಲೆ." ಇಷ್ಟು ಹೇಳಿ ತಲೆಯ ಮೇಲಿನ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವರ ಬೋಳು ತಲೆಯನ್ನು ನಾನು ಮಂದಿಯೆದುರು ಅದೇ ಮೊದಲು ನೋಡಿದ್ದು. ಕಾಲಿಗೆ ಬಿದ್ದ ಹೆಂಗಸು ಎದ್ದು ಸೀರೆ ಕೊಡವಿಕೊಂಡು ಹೊರಟಳು. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಪಡಸಾಲೆಯಲ್ಲಿ ನಾವಿಬ್ಬರೇ ಉಳಿದೆವು. ನನಗೆ ಎದ್ದು ಓಡಬೇಕು ಎನಿಸುತ್ತಿತ್ತು.

"ಬೆಂಗಳೂರಾಗ ಈ ಪತ್ರ ಮೂರು ಮಂದಿ ಕೈಲೆ ಓದಿಸೀನವ್ವ" ಎಂದರು. ಸಿಟ್ಟಿನ ದನಿಯಲ್ಲ, ದಣಿದ ದನಿ. "ಮೂರೂ ಮಂದಿ ಒಂದ ನಮೂನಿ ಓದಿದ್ರು. ನೀ ಒಬ್ಬಾಕಿನ ಎರಡು ಸರ್ತಿ ಓದಿದಿ, ಎರಡು ನಮೂನಿ."

ಕಾಗದವನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡರು.

"ಸೋಮವಾರ ಠರಾವು ಬರ್ತದ. ಈ ಪತ್ರ ನಂದು ಅನ್ನೂತನಕ ಯಾರೂ ಅದನ್ನ ಕೇಳಂಗಿಲ್ಲ, ನಗ್ತಾರ. ಮನೀ ಸೊಸಿ ಹೆಸರು ಸದನದಾಗ ನಾ ತಗಿಯಂಗಿಲ್ಲ. ಸತ್ರೂ ತಗಿಯಂಗಿಲ್ಲ. ನೀನಾಗಿ ಬರದು ಕೊಟ್ರ ಬ್ಯಾರೆ ಮಾತು. ಯಾರು ಬರಿಸಿದ್ರು, ಹ್ಯಾಂಗ ದಸ್ತಖತ್ ಆತು, ಅಷ್ಟು ನಾಕು ಸಾಲು. ನಾಳಿ ಮುಂಜಾನಿತನಕಾ ವಿಚಾರ ಮಾಡು."

ನಾಲ್ಕು ಸಾಲು. ದಿನಕ್ಕೆ ಹತ್ತು ಪತ್ರ ಬರೆಯುವವಳಿಗೆ ನಾಲ್ಕು ಸಾಲು ಯಾವ ಲೆಕ್ಕ? ಆದರೆ ನಾನು ಬರೆದರೆ ಅಣ್ಣನ ಹೆಸರು ಬರುತ್ತದೆ, ಪೊಲೀಸರು ಅವನ ಅಂಗಳಕ್ಕೆ ಬರುತ್ತಾರೆ, ತವರಿನ ಬಾಗಿಲು ಮುಚ್ಚುತ್ತದೆ. ಗಂಡ ಏನನ್ನುತ್ತಾರೋ, ಊರು ಏನನ್ನುತ್ತದೋ. ಇದನ್ನೇ ತಿರುಗಿಸಿ ತಿರುಗಿಸಿ ಯೋಚಿಸಿದೆ. ಆ ರಸ್ತೆಯ ಹೆಂಗಸರು, ಅವರ ಕೂಸುಗಳು ಒಮ್ಮೆಯೂ ನನ್ನ ಯೋಚನೆಯಲ್ಲಿ ಬರಲಿಲ್ಲ. ಹೆದರಿದವಳಿಗೆ ತನ್ನ ಹೊರತು ಯಾರೂ ಕಾಣುವುದಿಲ್ಲ. ಅದನ್ನು ಈಗ ಹೇಳಲು ನನಗೆ ನಾಚಿಕೆಯಾಗುತ್ತದೆ.

ಬೆಳಿಗ್ಗೆ ಸ್ನಾನ ಮಾಡಿ ಬಂದು ಚಾಪೆಯ ಮೇಲೆ ಕೂತೆ. ಮಾವನವರು ಬಂದು ಕೂತರು. ಪಡಸಾಲೆಗೆ ಆ ದಿನ ಯಾರೂ ಬಂದಿರಲಿಲ್ಲ. ಅವರು ಕಾದರು. ಅತ್ತೆಯವರು ಚಹಾ ತಂದಿಟ್ಟರು, ಅದು ಆರಿಹೋಗುವ ತನಕ ಕಾದರು. ನನ್ನ ಬಾಯಿಗೆ ಮಾತು ಬಂದಿತ್ತು, ನಾಲಿಗೆಯ ತುದಿಯ ತನಕ ಬಂದಿತ್ತು. ಹೊರಗೆ ಬರ್ರೆಂದು ಜೀಪು ಶುರುವಾಯಿತು, ಮಾತು ಹಿಂದೆ ಹೋಯಿತು.

"ಹೂಂ. ಬರಕೋ" ಎಂದರು.

ಸಭಾಧ್ಯಕ್ಷರಿಗೆ ಪತ್ರ. ನನ್ನ ಹೆಸರಿನಲ್ಲಿರುವ ನಿರ್ಣಯವನ್ನು ನಾನು ಹಿಂದಕ್ಕೆ ಪಡೆಯುತ್ತಿದ್ದೇನೆ, ದಯವಿಟ್ಟು ಪಟ್ಟಿಯಿಂದ ತೆಗೆಯಬೇಕು. ಅಷ್ಟೇ. ಏಳು ಸಲ ತಿದ್ದಿಸಿದ ಠರಾವನ್ನು ತೆಗೆಯಲು ಒಂದೇ ಸಲ ಹೇಳಿದರು. ಎಲ್ಲೂ ತಡವರಿಸದೆ ಬರೆದೆ. ರೂಢಿಯಂತೆ ಹಾಳೆ ಎತ್ತಿ ಓದಲು ಬಾಯಿ ತೆರೆದೆ.

"ಓದಬ್ಯಾಡ" ಎಂದರು. "ದಸ್ತಖತ್ ಎಲ್ಲಿ ಮಾಡ್ಲಿ, ಅಷ್ಟ ಹೇಳು."

ಬೆರಳಿಟ್ಟು ತೋರಿಸಿದೆ. ಹಾಕಿದರು.

ಆಮೇಲೆ ಅವರು ಇನ್ನೂ ಎರಡು ವರ್ಷ ಶಾಸಕರಾಗಿದ್ದರು. ಮಂದಿ ಮೆಲ್ಲಗೆ ಮತ್ತೆ ಪಡಸಾಲೆಗೆ ಬರತೊಡಗಿತು. ಪಿಂಚಣಿ, ಕೈಪಂಪು, ಬಾವಿ ಬಿಟ್ಟು ಎಲ್ಲಿಗೆ ಹೋಗುತ್ತಾರೆ? ನಾನು ಬರೆಯುತ್ತಿದ್ದೆ. ಮಾವನವರು ನನ್ನನ್ನು ಒಂದು ದಿನವೂ ಬೈಯಲಿಲ್ಲ, ಯಾರಿಗೂ ಹೇಳಲಿಲ್ಲ, ಪತ್ರದ ಕೆಲಸ ಬೇರೆಯವರಿಗೆ ಕೊಡಲೂ ಇಲ್ಲ. ಆದರೆ ಒಂದು ಕಾಗದವನ್ನೂ ಓದಿಸಿ ಕೇಳಲಿಲ್ಲ. ನಾನು ಓದಲು ಹೋದರೆ ಕೈ ಅಡ್ಡ ಹಿಡಿದು, "ಎಲ್ಲಿ?" ಎನ್ನುವರು. ಬಂದವರು ಅದನ್ನು ನೋಡಿ ಹೊಗಳುತ್ತಿದ್ದರು. "ಸೊಸಿ ಮ್ಯಾಲ ಎಂಥಾ ಭರವಸಿ ನೋಡ್ರಿ! ಒಂದು ಮಾತು ಕೇಳೂದಿಲ್ಲ, ದಸ್ತಖತ್ ಮಾಡಿಬಿಡ್ತಾರ!" ಎನ್ನುತ್ತಿದ್ದರು. ಮಾವನವರು ಹೌದೆಂದೂ ಅನ್ನುತ್ತಿರಲಿಲ್ಲ, ಅಲ್ಲವೆಂದೂ ಅನ್ನುತ್ತಿರಲಿಲ್ಲ. ನಾನು ತಲೆ ಬಗ್ಗಿಸಿ, ಸಹಿಯ ಜಾಗಕ್ಕೆ ಬೆರಳಿಡುತ್ತಿದ್ದೆ.